ಹಿಂದಿನ ಆಕ್ಸಲ್‌ನ ಕಿಟ್ಟ

ಭಾನುವಾರ, 9 ಫೆಬ್ರವರಿ 2025

ಗಾಡಿಯ ಹಿಂದಿನ ಎರಡು ಚಕ್ರಗಳನ್ನು ಹೊತ್ತ ಆಕ್ಸಲ್‌ನ ಎಣ್ಣೆ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಒಳಗನ್ನು ತೊಳೆಯುವುದು ಮಾತ್ರ ಬೆನ್ನು ಮುರಿಯುವ ಕೆಲಸ. ಡ್ರೇನ್ ಬೋಲ್ಟ್ ಬಿಚ್ಚಿದರೆ ಹರಿಯುವ ಎಣ್ಣೆ ಬರುತ್ತದೆ, ತಳಕ್ಕೆ ಅಂಟಿದ ಕಿಟ್ಟ ಅಲ್ಲೇ ಕೂತಿರುತ್ತದೆ. ಹಾಗಾಗಿ ಈ ಸಲ ಆಕ್ಸಲ್ ನಡುವಿನ ಗೇರ್‌ಗಳ ಗೂಡಿನ, ಅಂದರೆ ಡಿಫರೆನ್ಷಿಯಲ್‌ನ, ಹಿಂದಿನ ಮುಚ್ಚಳವನ್ನೇ ತೆಗೆಯೋಣ ಅಂದುಕೊಂಡೆ.

ಆದರೆ ಬೆಳಗ್ಗೆಯೆಲ್ಲ ಹೋಗಿದ್ದು ಹೊರಗಿನ ಕೊಳೆಗೆ. ಜಿನುಗಿದ ಎಣ್ಣೆಗೆ ಧೂಳು, ಮರಳು ಮೆತ್ತಿಕೊಂಡು ಬೋಲ್ಟ್ ತಲೆಗಳೇ ಕಾಣುತ್ತಿರಲಿಲ್ಲ. ಹಾಗೇ ಮುಚ್ಚಳ ಬಿಚ್ಚಿದರೆ ಆ ಮರಳೆಲ್ಲ ನೇರ ಒಳಗೆ. ಬೇರಿಂಗ್‌ಗೆ ಸೇರಿದ ಮರಳು ಅದನ್ನು ಅರೆದು ಹಾಕುತ್ತದೆ. ಮೊದಲು ಕೆರೆದು ತೆಗೆದೆ, ಆಮೇಲೆ ಸೀಮೆಎಣ್ಣೆ, ವೈರ್ ಬ್ರಷ್. ಜೋರು ನೀರು ಹೊಡೆದಿದ್ದರೆ ಬೇಗ ಆಗುತ್ತಿತ್ತು, ನಿಜ. ಆದರೆ ಸೀಲ್ (ಎಣ್ಣೆ ಸೋರದಂತೆ ತಡೆಯುವ ಬಳೆ) ಮತ್ತು ಬ್ರೀದರ್ ಹತ್ತಿರ ಹಾಗೆ ಹೊಡೆದರೆ ನೀರು ಒಳಗೆ ನುಗ್ಗುತ್ತದೆ.

ಬ್ರೀದರ್ ಅಂದರೆ ಆಕ್ಸಲ್ ಮೇಲಿರುವ ಸಣ್ಣ ಉಸಿರುಗೊಳವೆ. ನನ್ನ ಗಾಡಿಯಲ್ಲಿ ಅದು ಪೂರ್ತಿ ಕಟ್ಟಿಕೊಂಡಿತ್ತು. ಓಡುವಾಗ ಒಳಗಿನ ಎಣ್ಣೆ, ಗಾಳಿ ಎರಡೂ ಕಾಯುತ್ತವೆ. ಗಾಳಿಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಅದು ಎಣ್ಣೆಯನ್ನು ಸೀಲ್ ಅಂಚಿನಿಂದ ತಳ್ಳುತ್ತದೆ. ಕಾದ ಆಕ್ಸಲ್ ನೀರಿಗಿಳಿದು ತಣ್ಣಗಾದರೆ ತಿರುಗಾಮುರುಗಾ, ಸೀಲ್ ಸಂದಿನಿಂದ ನೀರನ್ನೇ ಒಳಗೆ ಎಳೆದುಕೊಳ್ಳುತ್ತದೆ. ಎಣ್ಣೆ ಜಿನುಗಿದ ಕೂಡಲೇ ಸೀಲ್ ಹೋಯಿತು ಅಂತ ಸುಮ್ನೆ ಬದಲಿಸುತ್ತಾರೆ. ನನ್ನ ಕೇಳಿದರೆ ಮೊದಲು ಬ್ರೀದರ್ ನೋಡಬೇಕು, ಅದಕ್ಕೆ ಖರ್ಚೇ ಇಲ್ಲ ಅಲ್ವಾ?

ಇನ್ನೊಂದು ವಿಷಯ. ಎಣ್ಣೆ ಇಳಿಸುವ ಮುಂಚೆ ಎಣ್ಣೆ ತುಂಬುವ ಪ್ಲಗ್ ಬಿಚ್ಚಿ ನೋಡಿಕೊಳ್ಳಬೇಕು. ಇಳಿಸಿದ ಮೇಲೆ ಅದು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ನಿಂತಲ್ಲೇ ನಿಂತಿತು.

ಮುಚ್ಚಳ ಸಡಿಲಿಸಿದ ಕೂಡಲೇ ಗಂಧಕದ ಆ ಘಾಟು. ಇದು ಹಾಳಾದ ವಾಸನೆಯಲ್ಲ, ಗೇರ್ ಆಯಿಲ್‌ನ ಗುಣವೇ ಅದು. ಈ ಆಕ್ಸಲ್‌ನಲ್ಲಿ ಪಿನಿಯನ್ ಅನ್ನುವ ಸಣ್ಣ ಗೇರ್, ಅದು ತಿರುಗಿಸುವ ದೊಡ್ಡ ಗೇರ್ ಆದ ಕ್ರೌನ್ ವೀಲ್‌ನ ನಡುಮಟ್ಟಕ್ಕಿಂತ ಕೆಳಗೆ ಕೂತಿರುತ್ತದೆ. ಹಾಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಅಷ್ಟು ಒತ್ತಡದಲ್ಲಿ ಎಣ್ಣೆಯ ಪದರ ಹರಿದರೂ ಗಂಧಕ, ರಂಜಕದ ಸಂಯುಕ್ತಗಳು ಲೋಹವನ್ನು ಕಾಪಾಡುತ್ತವೆ. ಅದಕ್ಕೇ ಇಂಥ ಒತ್ತಡಕ್ಕೆಂದೇ ಇರುವ ಜಿಎಲ್-5 ದರ್ಜೆಯ ಎಣ್ಣೆ.

ಬಂದ ಎಣ್ಣೆ ಕಪ್ಪಗಿತ್ತು, ಹಾಲು ಬೆರೆಸಿದಂತೆ ಇರಲಿಲ್ಲ. ಅಂದರೆ ನೀರು ಸೇರಿಲ್ಲ. ಡ್ರೇನ್ ಬೋಲ್ಟ್‌ನ ಅಯಸ್ಕಾಂತಕ್ಕೆ ಬೂದು ಬಣ್ಣದ ಲೇಹ ಅಂಟಿತ್ತು. ಬೆರಳಲ್ಲಿ ತಿಕ್ಕಿದರೆ ನುಣ್ಣಗೆ, ಸಾಮಾನ್ಯ ಸವೆತ ಅಷ್ಟೇ. ಚೂರು, ಚಕ್ಕೆ ಸಿಕ್ಕಿದ್ದರೆ ತೊಳೆಯುವ ಮಾತೇ ಇರಲಿಲ್ಲ, ಪೂರ್ತಿ ಬಿಚ್ಚಬೇಕಾಗುತ್ತಿತ್ತು.

ತೊಳೆಯುವಾಗ ಕ್ರೌನ್ ತಿರುಗಬೇಕು. ಹಿಂದಿನ ಎರಡೂ ಚಕ್ರ ನೆಲದಿಂದ ಮೇಲಿದ್ದವು, ಆಕ್ಸಲ್ ಸ್ಟ್ಯಾಂಡ್ ಮೇಲೆ. ಜಾಕ್ ನಂಬಿ ಕೆಳಗೆ ನುಗ್ಗಬಾರದು. ನನ್ನ ಗಾಡಿಯಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಕ್ಕೇ ಹಿಡಿಯುವುದರಿಂದ ಅದನ್ನು ಬಿಡಲೇಬೇಕು. ಹಾಗಾಗಿ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಉರುಳದಂತೆ ಅಡ್ಡ ಕೊಟ್ಟೆ. ಬ್ರಷ್‌ನಲ್ಲಿ ಸೀಮೆಎಣ್ಣೆ, ಸ್ವಲ್ಪ ತಿರುಗಿಸು, ಒರೆಸು, ಮತ್ತೆ ತಿರುಗಿಸು. ನೂಲು ಬಿಡುವ ಕಾಟನ್ ವೇಸ್ಟ್ ಬೇಡ, ಹಳೇ ಬನಿಯನ್ ವಾಸಿ. ಜಾಸ್ತಿ ಕಿಟ್ಟ ಇದ್ದದ್ದು ಎರಡೂ ಬದಿಯ ಕೊಳವೆಗಳ ಬಾಯಲ್ಲಿ. ಕೋಲಿಗೆ ಬಟ್ಟೆ ಸುತ್ತಿ ಕೈಗೆಟುಕಿದಷ್ಟು ಎಳೆದೆ. ಅದರಾಚೆಗೆ ಚಕ್ರಕ್ಕೆ ಹೋಗುವ ಶಾಫ್ಟ್ ಎಳೆಯದೆ ಆಗದು, ಎಳೆಯಲಿಲ್ಲ. ಸೀಮೆಎಣ್ಣೆ ಉಳಿದರೆ ಹೊಸ ಎಣ್ಣೆ ತೆಳುವಾಗುತ್ತದೆ. ಅದು ಸೋರಿ ಒಣಗಿದ ಮೇಲೆ ಸ್ವಲ್ಪ ಹೊಸ ಎಣ್ಣೆ ಸುರಿದು ಇಳಿಸಿದೆ.

ಮುಚ್ಚಳದ ಸಂದಿನಲ್ಲಿದ್ದ ಹಳೇ ಗ್ಯಾಸ್ಕೆಟ್ ಕೆರೆಯುವಾಗ ಗೇರ್‌ಗಳ ಮೇಲೆ ಬಟ್ಟೆ ಮುಚ್ಚಿದ್ದೆ. ಸಂದು ಮುಚ್ಚುವ ಅಂಟು, ಸೀಲಂಟ್, ತೆಳ್ಳಗೆ ಹಚ್ಚಿದೆ. ದಪ್ಪ ಹಚ್ಚಿದರೆ ಹೆಚ್ಚಾದದ್ದು ಒಳಗೆ ಉಬ್ಬಿ ಕಳಚಿ ಬೀಳುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ.

80ಡಬ್ಲ್ಯೂ-90 ಅನ್ನುವ ಮಂದತೆಯ ಗೇರ್ ಎಣ್ಣೆ ತಂದಿಟ್ಟಿದ್ದೇನೆ, ಕೈಪಿಡಿಯಲ್ಲಿ ಹೇಳಿರುವುದೂ ಅದೇ. ಸೀಲಂಟ್ ಗಟ್ಟಿಯಾಗಲಿ, ನಾಳೆ ತುಂಬುತ್ತೇನೆ. ಗಾಡಿ ಸಮತಟ್ಟಾಗಿ ನಿಂತಿರುವಾಗ ತುಂಬುವ ತೂತಿನ ಕೆಳ ಅಂಚಿಗೆ ಬಂದರೆ ಸಾಕು. ಬ್ರೇಕ್ ಡ್ರಮ್ ಎರಡನ್ನೂ ತೆಗೆದು ನೋಡುವುದಿದೆ. ಆಕ್ಸಲ್ ತುದಿಯ ಸೀಲ್‌ನಿಂದ ಜಿನುಗಿದ ಎಣ್ಣೆಯನ್ನು ಬ್ರೇಕ್ ಲೈನಿಂಗ್ ಕುಡಿದಿದ್ದರೆ ತೊಳೆದು ಪ್ರಯೋಜನವಿಲ್ಲ, ಹೊಸದೇ ಹಾಕಬೇಕು.