ಓದುತ್ತಾ ಕೂತವರ ಮೇಲಿನ ಫ್ಯಾನ್ ನಿಲ್ಲಬಾರದು

ಕೋಣೆಯಲ್ಲಿ ಜನ ಇದ್ದಾರಾ ಅಂತ ನೋಡಿ ಲೈಟು, ಫ್ಯಾನು, ಎಸಿ ಆನ್ ಆಫ್ ಮಾಡುವ ಆಕ್ಯುಪೆನ್ಸಿ ಸೆನ್ಸರ್ ಹಾಕಿಸಬೇಕು ಅಂತ ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಒಂದೇ ಮಾತು. ಆ ಕೋಣೆಯಲ್ಲಿ ಜನ ಏನು ಮಾಡುತ್ತಾರೆ? ಓಡಾಡುತ್ತಾರಾ, ಕೂತಿರುತ್ತಾರಾ, ಮಲಗಿರುತ್ತಾರಾ? ಇದು ಗೊತ್ತಾದರೆ ಯಾವ ಸೆನ್ಸರ್, ಎಲ್ಲಿ ಕೂರಿಸಬೇಕು, ಎಷ್ಟು ನಿಮಿಷಕ್ಕೆ ಆಫ್ ಆಗಬೇಕು ಅನ್ನುವುದು ಮುಕ್ಕಾಲು ಪಾಲು ಗೊತ್ತಾದ ಹಾಗೆ. ಬೆಂಗಳೂರಿನಲ್ಲಿ ಲೈಟಿಂಗ್ ಮತ್ತು ಎಸಿ ಕಂಟ್ರೋಲ್ ಕೆಲಸ ಮಾಡುತ್ತಾ ಸೆನ್ಸರ್ ಕಿತ್ತು ಹಾಕಿದ ಜಾಗಗಳನ್ನು ಬೇಕಾದಷ್ಟು ನೋಡಿದ್ದೇನೆ. ಅಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ವಿಜಯನಗರದ ಕಡೆ ಹೋದರೆ ಓದುವ ಕೋಣೆಗಳು ತುಂಬಾ ಇವೆ. ಕೆಎಎಸ್, ಪಿಎಸ್ಐ, ಎಫ್‌ಡಿಎ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರು ಬೇರೆ ಬೇರೆ ಊರುಗಳಿಂದ ಬಂದು, ತಿಂಗಳಿಗಿಷ್ಟು ಅಂತ ಕಟ್ಟಿ, ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲೇ ಕೂತಿರುತ್ತಾರೆ. ಅಂಥ ಒಂದು ಕಡೆ ಕರೆಂಟ್ ಬಿಲ್ ಜಾಸ್ತಿ ಆಯಿತು ಅಂತ ಮಾಲೀಕರು ಸೀಲಿಂಗ್‌ಗೆ ಪಿಐಆರ್, ಅಂದರೆ ಮೈಬಿಸಿಯ ಓಡಾಟ ಹಿಡಿಯುವ, ಸೆನ್ಸರ್ ಹಾಕಿಸಿ, ಲೈಟು ಫ್ಯಾನು ಎರಡನ್ನೂ ಅದಕ್ಕೇ ಕೊಟ್ಟಿದ್ದರು. ನಾನು ನೋಡಲು ಹೋದಾಗ ಅಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಹೇಳಿದಳು, 'ಸರ್, ಮಧ್ಯಾಹ್ನ ಎಲ್ಲರೂ ಓದೋದ್ರಲ್ಲಿ ಮುಳುಗಿರೋವಾಗ್ಲೇ ಫ್ಯಾನ್ ನಿಂತುಬಿಡುತ್ತೆ. ಯಾರಾದ್ರೂ ಎದ್ದು ಓಡಾಡಿದ್ರೆ ಮತ್ತೆ ಬರುತ್ತೆ.' ಚೆನ್ನಾಗಿ ಓದುವವರಿಗೇ ಜಾಸ್ತಿ ತೊಂದರೆ. ಇದು ನನಗೆ ನಿಜವಾಗಲೂ ಬೇಜಾರು ತಂದ ಮಾತು.

ಹೀಗೆ ಯಾಕಾಗುತ್ತದೆ ಅಂದರೆ, ಪಿಐಆರ್‌ಗೆ ಮನುಷ್ಯ ಕಾಣುವುದಿಲ್ಲ, ಬಿಸಿ ಜಾಗ ಬದಲಿಸಿದ್ದು ಮಾತ್ರ ಕಾಣುತ್ತದೆ. ನಮ್ಮ ಮೈಯಿಂದ ಸದಾ ಇನ್‌ಫ್ರಾರೆಡ್ ಕಿರಣ ಹೊರಡುತ್ತಿರುತ್ತದೆ, ಅದರ ತರಂಗದ ಉದ್ದ ಸುಮಾರು 10 ಮೈಕ್ರಾನ್. ಸೆನ್ಸರ್ ಮುಂದೆ ಇರುವ ಬಿಳಿ ಪ್ಲಾಸ್ಟಿಕ್ ಲೆನ್ಸ್ ಕೋಣೆಯನ್ನು ಪಟ್ಟಿ ಪಟ್ಟಿಯಾಗಿ ಹಂಚುತ್ತದೆ. ನೀವು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಒಳಗಿನ ಎರಡು ತುಂಡುಗಳಿಗೆ ಬೀಳುವ ಬಿಸಿಯಲ್ಲಿ ವ್ಯತ್ಯಾಸ ಬರುತ್ತದೆ, ಅದೇ ಸಿಗ್ನಲ್. ದಾಟದಿದ್ದರೆ ಸಿಗ್ನಲ್ ಇಲ್ಲ. ಪುಟ ತಿರುಗಿಸುವ ಕೈ ಅಷ್ಟೆತ್ತರದಿಂದ ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ.

ಬೇಸಿಗೆಯಲ್ಲಿ ಇನ್ನೂ ಕಷ್ಟ. 2024ರ ಏಪ್ರಿಲ್ 28ಕ್ಕೆ ಬೆಂಗಳೂರಿನಲ್ಲಿ 38.5 ಡಿಗ್ರಿ ಆಗಿತ್ತು, ನೆನಪಿದೆ ಅಲ್ವಾ? ಅಂಥ ದಿನ ಟೆರೇಸ್ ಕೆಳಗಿನ ಮಹಡಿಯ ಗೋಡೆಗಳೂ ಮೈಯಷ್ಟೇ ಬಿಸಿಯಾಗಿರುತ್ತವೆ. ಗೋಡೆಗೂ ಮನುಷ್ಯನಿಗೂ ಬಿಸಿಯಲ್ಲಿ ವ್ಯತ್ಯಾಸವೇ ಇಲ್ಲದಿದ್ದರೆ ಪಿಐಆರ್ ಏನು ನೋಡಬೇಕು? ಫ್ಯಾನ್ ತೀರಾ ಬೇಕಾದ ಹೊತ್ತಿನಲ್ಲೇ ಅದು ಮಂಕಾಗುತ್ತದೆ.

ಓದುವ ಕೋಣೆಗೆ, ರೇಡಿಯೋ ಅಲೆ ಬಿಟ್ಟು ಅದು ಮರಳಿ ಬರುವುದನ್ನು ನೋಡುವ ರೇಡಾರ್ ಸೆನ್ಸರ್ ಸರಿ. 24 ಅಥವಾ 60 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಎಂಎಂವೇವ್ ರೇಡಾರ್ ಮಾಡ್ಯೂಲ್‌ಗಳು ಈಗ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲೂ ಸಿಗುತ್ತವೆ. ಉಸಿರಾಡುವಾಗ ಎದೆ ಕೆಲವೇ ಮಿಲಿಮೀಟರ್ ಏರಿಳಿದರೂ ಇವಕ್ಕೆ ಗೊತ್ತಾಗುತ್ತದೆ. ಹಾಗಂತ ತಂದು ಎಲ್ಲೋ ಒಂದು ಕಡೆ ಅಂಟಿಸಿದರೆ ಆಗುವುದಿಲ್ಲ. ನಮ್ಮ ಕೋಣೆಗಳಲ್ಲಿ ಸೀಲಿಂಗ್ ಫ್ಯಾನ್ ಇರುತ್ತದೆ, ಅದರ ರೆಕ್ಕೆ ರೇಡಾರ್‌ಗೆ ಕಂಡರೆ ಯಾರೂ ಇಲ್ಲದಿದ್ದರೂ 'ಇದ್ದಾರೆ' ಅನ್ನುತ್ತಲೇ ಇರುತ್ತದೆ. ಹಾಗಾದಾಗ ಫ್ಯಾನ್ ತನ್ನನ್ನು ತಾನೇ ಓಡಿಸಿಕೊಂಡು ಇಡೀ ರಾತ್ರಿ ತಿರುಗುತ್ತದೆ. ಗಾಳಿಗೆ ಅಲ್ಲಾಡುವ ಪರದೆಯೂ ಅಷ್ಟೇ. ಅದಕ್ಕೆ ಗೋಡೆಯಲ್ಲಿ, ಕೂತವರ ಎದೆಮಟ್ಟಕ್ಕಿಂತ ಸ್ವಲ್ಪ ಮೇಲೆ, ಫ್ಯಾನ್ ಕಾಣದ ಹಾಗೆ ಕೂರಿಸಬೇಕು. ಎಷ್ಟು ದೂರದವರೆಗೆ ನೋಡಬೇಕು ಅನ್ನುವುದನ್ನೂ ಸೆಟ್ಟಿಂಗ್‌ನಲ್ಲಿ ಕಟ್ಟಿಹಾಕಬೇಕು, ಇಲ್ಲದಿದ್ದರೆ ಪ್ಲೈವುಡ್ ಪಾರ್ಟಿಷನ್ ದಾಟಿ ಪಕ್ಕದ ಕೋಣೆಯವರನ್ನೂ ಎಣಿಸುತ್ತದೆ. ನಾನು ಮಾಡುವುದು ಎರಡನ್ನೂ ಸೇರಿಸಿ. ಬಾಗಿಲ ಹತ್ತಿರ ಪಿಐಆರ್, ಅದು ಬಂದವರನ್ನು ಬೇಗ ಹಿಡಿಯುತ್ತದೆ. ಒಳಗೆ ರೇಡಾರ್, ಕೂತವರನ್ನು ಬಿಡದೆ ನೋಡಿಕೊಳ್ಳುತ್ತದೆ. ಶುರುವಾಗಲು ಪಿಐಆರ್ ಬೇಕೇ ಬೇಕು, ಮುಂದುವರಿಯಲು ಎರಡರಲ್ಲಿ ಯಾವುದಾದರೂ ಒಂದು ಸಾಕು. ದೊಡ್ಡ ಟಾಯ್ಲೆಟ್‌ಗಳಲ್ಲಿ ಪಿಐಆರ್ ಜೊತೆ ಅಲ್ಟ್ರಾಸಾನಿಕ್ ಸೇರಿಸುವುದೂ ಇದೇ ಕಾರಣಕ್ಕೆ. ಪಾರ್ಟಿಷನ್ ಹಿಂದೆ ಇರುವವರು ಪಿಐಆರ್‌ಗೆ ಕಾಣುವುದಿಲ್ಲ, ಶಬ್ದದ ಅಲೆ ಅಲ್ಲಿಗೂ ಹೋಗಿ ಬರುತ್ತದೆ.

ಎಷ್ಟು ನಿಮಿಷಕ್ಕೆ ಆಫ್ ಮಾಡಬೇಕು? ಯಾರೂ ಇಲ್ಲದಿದ್ದರೆ 15 ನಿಮಿಷದೊಳಗೆ ಲೈಟ್ ಆರಬೇಕು ಅಂತ ವಾಣಿಜ್ಯ ಕಟ್ಟಡಗಳ ಇಂಧನ ಸಂಹಿತೆ, ಅಂದರೆ 2017ರ ಇಸಿಬಿಸಿ, ಹೇಳುತ್ತದೆ. ಅಷ್ಟು ಸಮಯ ಇರುವಾಗ 2 ನಿಮಿಷಕ್ಕೆ ಇಟ್ಟು ಜನರನ್ನು ಗೋಳು ಹೊಯ್ದುಕೊಳ್ಳುವುದು ಯಾಕೆ? ಉಳಿತಾಯ ಖಾಲಿ ಕೋಣೆಯಿಂದ ಬರಬೇಕು, ಕೂತವರ ತಾಳ್ಮೆಯಿಂದಲ್ಲ. ಒಮ್ಮೆ ತಾಳ್ಮೆ ಹೋಯಿತು ಅಂದರೆ ಎಲೆಕ್ಟ್ರಿಷಿಯನ್ ಬಂದು ಬೈಪಾಸ್ ಮಾಡಿ ಹೋಗುತ್ತಾರೆ, ಆಮೇಲೆ ಲೈಟು ಹಗಲು ರಾತ್ರಿ ಉರಿಯುತ್ತದೆ. ವಿಜಯನಗರದ ಆ ಕೋಣೆಯಲ್ಲೂ ಕೊನೆಗೆ ಹಾಗೇ ಆಯಿತು.

ಇನ್ನೊಂದು ವಿಷಯ. ಕಿಟಕಿಯಿಂದ ಒಳ್ಳೆ ಬೆಳಕು ಬರುವ ಕಡೆ ಸೆನ್ಸರ್ ತಾನಾಗಿ ಲೈಟ್ ಹಾಕುವುದೇ ಬೇಡ. ಬೇಕಾದವರು ಸ್ವಿಚ್ ಹಾಕಿಕೊಳ್ಳಲಿ, ಮರೆತು ಹೋದರೆ ಸೆನ್ಸರ್ ಆರಿಸಲಿ. ಹಗಲಿನಲ್ಲಿ ಎಷ್ಟೋ ಜನ ಸ್ವಿಚ್ ಮುಟ್ಟುವುದೇ ಇಲ್ಲ, ನೀವೇ ಗಮನಿಸಿ.

ಎಸಿ ವಿಷಯಕ್ಕೆ ಬಂದರೆ ಲೈಟಿನ ನಿಯಮ ನಡೆಯುವುದಿಲ್ಲ. ಲೈಟ್ ಹಾಕಿದ ಕ್ಷಣಕ್ಕೆ ಬೆಳಕು, ಆದರೆ ಕೋಣೆ ತಣ್ಣಗಾಗಲು ಸಮಯ ಬೇಕು. ಜನ ಎದ್ದು ಹೋದ ತಕ್ಷಣ ಆಫ್ ಮಾಡಿದರೆ ಕಾಫಿ ಕುಡಿದು ಬರುವಷ್ಟರಲ್ಲಿ ಮತ್ತೆ ಆನ್ ಆಗಬೇಕು. ಅದಕ್ಕೆ ಮೊದಲು 24 ಇದ್ದದ್ದನ್ನು 27ಕ್ಕೆ ಏರಿಸಬೇಕು, ಅರ್ಧ ಗಂಟೆಯಾದರೂ ಯಾರೂ ಬಾರದಿದ್ದರೆ ಆಮೇಲೆ ಆಫ್. 2020ರ ಜನವರಿಯಿಂದ ಹೊಸ ರೂಮ್ ಎಸಿಗಳೆಲ್ಲ 24 ಡಿಗ್ರಿಗೆ ಸೆಟ್ ಆಗಿಯೇ ಬರಬೇಕು ಅನ್ನುವ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ಕರೆಂಟ್ ಉಳಿಯುತ್ತದೆ ಅನ್ನುವುದು ಇಂಧನ ದಕ್ಷತಾ ಬ್ಯೂರೋದ ಅಂದಾಜು. ನಮ್ಮ ಊರಿನ ಹವೆಗೆ 24 ಕೂಡ ಎಷ್ಟೋ ತಿಂಗಳು ಬೇಕಾಗಿಲ್ಲ. ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ ಕಚೇರಿಗಳಲ್ಲಿ ಕೂತವರನ್ನೇ ಕೇಳಿ ಒಂದು ಅಧ್ಯಯನ ಮಾಡಿತ್ತು, ಬೆಂಗಳೂರೂ ಅದರಲ್ಲಿತ್ತು. ಕಿಟಕಿ ತೆರೆದು ಕೂತು ಅಭ್ಯಾಸವಿರುವವರಿಗೆ ಇದಕ್ಕಿಂತ ಬೆಚ್ಚಗಿದ್ದರೂ ಹಿತ ಅನ್ನಿಸುತ್ತದೆ ಅಂತ ಅದರಲ್ಲಿ ಕಂಡಿತು. ಹಾಗಾಗಿ ಎಸಿ ಇರುವ ಕಡೆ ಕಿಟಕಿಗೂ ಒಂದು ಮ್ಯಾಗ್ನೆಟ್ ಸೆನ್ಸರ್ ಹಾಕಿ. ಕಿಟಕಿ ತೆಗೆದರೆ ಎಸಿ ನಿಲ್ಲಲಿ.

ಔಟರ್ ರಿಂಗ್ ರೋಡಿನ ದೊಡ್ಡ ಆಫೀಸುಗಳಲ್ಲಿ ನಿಜವಾದ ದುಡ್ಡು ಉಳಿಯುವುದು ಈ ಎಸಿಯಲ್ಲಿಯೇ. ಕೋವಿಡ್ ಆದಮೇಲೆ ಮಂಗಳವಾರದಿಂದ ಗುರುವಾರದವರೆಗೆ ಫ್ಲೋರ್ ತುಂಬಿರುತ್ತದೆ, ಶುಕ್ರವಾರ ಅಲ್ಲೊಬ್ಬರು ಇಲ್ಲೊಬ್ಬರು. ತಣ್ಣನೆ ಗಾಳಿಯನ್ನು ಫ್ಲೋರಿಗೆಲ್ಲ ತಳ್ಳುವ ಯಂತ್ರ, ಅಂದರೆ ಎಎಚ್‌ಯು, ಮಾತ್ರ ಹಳೇ ಟೈಮ್‌ಟೇಬಲ್ ಪ್ರಕಾರ ಎಲ್ಲ ದಿನವೂ ಒಂದೇ ಸ್ಪೀಡಿನಲ್ಲಿ ಓಡುತ್ತಿರುತ್ತದೆ. ಅದರ ಫ್ಯಾನಿಗೆ ವಿಎಫ್‌ಡಿ, ಅಂದರೆ ಮೋಟಾರಿನ ಸ್ಪೀಡ್ ಬದಲಿಸುವ ಸಾಧನ, ಇದ್ದರೆ, ಎಷ್ಟು ಜನ ಇದ್ದಾರೆ ಅನ್ನುವುದನ್ನು ನೋಡಿ ಸ್ಪೀಡ್ ಇಳಿಸಬಹುದು. ಸ್ಪೀಡನ್ನು 80 ಶೇಕಡಾಕ್ಕೆ ಇಳಿಸಿದರೆ ಕರೆಂಟು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ಫ್ಯಾನ್ ಎಳೆಯುವ ಕರೆಂಟು ಸ್ಪೀಡಿನ ಘನಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಎಲ್‌ಇಡಿ ಲೈಟ್ ಆರಿಸಿ ಇಷ್ಟು ಉಳಿಸಲು ಸಾಧ್ಯವೇ ಇಲ್ಲ.

ಆದರೆ ಗಾಳಿ ಕಡಿಮೆ ಮಾಡುವಾಗ ಹುಷಾರಾಗಿರಬೇಕು. ಕೂತು ಕೆಲಸ ಮಾಡುವ ಒಬ್ಬರು ಗಂಟೆಗೆ ಸುಮಾರು 18 ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತಾರೆ. 15 ಚದರ ಮೀಟರಿನ, 3 ಮೀಟರ್ ಎತ್ತರದ ಮೀಟಿಂಗ್ ರೂಮಿನಲ್ಲಿ 6 ಜನ ಬಾಗಿಲು ಹಾಕಿಕೊಂಡು ಕೂತರೆ, ಹೊಸ ಗಾಳಿ ಬಾರದಿದ್ದರೆ, 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ಇದ್ದದ್ದು ಅರ್ಧ ಗಂಟೆಯಲ್ಲಿ 1600 ದಾಟುತ್ತದೆ. ಮೀಟಿಂಗಿನಲ್ಲಿ ತೂಕಡಿಕೆ ಬರುವುದಕ್ಕೆ ಬೇರೆ ಕಾರಣವೂ ಇರಬಹುದು, ಇದೂ ಒಂದಿರಬಹುದು. ಅದಕ್ಕೆ ಅಲ್ಲಿ ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ಬೇಕು. ಅದು 1000 ಹತ್ತಿರ ಬಂದಾಗ ಹೊಸ ಗಾಳಿ ಬಿಡುವ ಮುಚ್ಚಳ, ಅಂದರೆ ಡ್ಯಾಂಪರ್, ತೆರೆಯುವ ಹಾಗೆ ಮಾಡಬೇಕು. ಕೊಳ್ಳುವಾಗ ಎನ್‌ಡಿಐಆರ್ (ಇನ್‌ಫ್ರಾರೆಡ್ ಬೆಳಕಿನಿಂದ ಆ ಅನಿಲವನ್ನೇ ಅಳೆಯುವಂಥದ್ದು) ಅಂತ ಕೇಳಿ ತೆಗೆದುಕೊಳ್ಳಿ. ತೀರಾ ಅಗ್ಗದ ಕೆಲವು ಸೆನ್ಸರ್‌ಗಳು ಬೇರೆ ಅನಿಲಗಳನ್ನು ಅಳೆದು ಊಹೆಯ ಮೇಲೆ ಅಂಕಿ ಕೊಡುತ್ತವೆ, ಪಕ್ಕದಲ್ಲಿ ಊದುಬತ್ತಿ ಹಚ್ಚಿದರೆ ಸಾಕು, ಅಂಕಿ ಎಲ್ಲಿಗೋ ಹೋಗುತ್ತದೆ.

ಅಪಾರ್ಟ್‌ಮೆಂಟಿನವರಿಗೆ ನನ್ನ ಸಲಹೆ ಬೇಸ್‌ಮೆಂಟಿನಿಂದ ಶುರು ಮಾಡಿ ಅಂತ. 18 ವ್ಯಾಟಿನ 50 ಟ್ಯೂಬ್‌ಲೈಟ್ ರಾತ್ರಿ 12 ಗಂಟೆ ಉರಿದರೆ 10.8 ಯುನಿಟ್. ಯಾರೂ ಇಲ್ಲದಾಗ 5 ವ್ಯಾಟಿಗೆ ಇಳಿದು, ಗಾಡಿ ಅಥವಾ ಜನ ಬಂದಾಗ ಪೂರ್ತಿ ಬೆಳಗುವ ಟ್ಯೂಬ್‌ಗಳು ಸಿಗುತ್ತವೆ. ಪೂರ್ತಿ ಆರಿಸುವುದನ್ನು ಮಾತ್ರ ನಾನು ಎಲ್ಲಿಯೂ ಒಪ್ಪಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಗಳು ಕತ್ತಲೆಗೆ ಕಾಲಿಟ್ಟ ಮೇಲೆ ಬೆಳಕು ಬರುವ ಹಾಗೆ ಇರಬಾರದು.

ಜನರಿಗೆ ಹೇಳದೆ ಇದನ್ನೆಲ್ಲ ಹಾಕಬೇಡಿ. 2016ರಲ್ಲಿ ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯಲ್ಲಿ ಮೇಜಿನ ಕೆಳಗೆ ಇಂಥ ಸೆನ್ಸರ್ ಇಟ್ಟಿದ್ದರು. ಕರೆಂಟ್ ಉಳಿಸಲು ಅಂತ ಕಾರಣ ಕೊಟ್ಟರೂ ಪತ್ರಕರ್ತರು ಒಪ್ಪಲಿಲ್ಲ, ನಮ್ಮ ಮೇಲೆ ಕಣ್ಣಿಡಲು ಇಟ್ಟಿದ್ದಾರೆ ಅಂತ ಗಲಾಟೆಯಾಗಿ ಅವನ್ನು ತೆಗೆಯಬೇಕಾಯಿತು. ಒಬ್ಬೊಬ್ಬರ ಮೇಜಿಗೆ ಸೆನ್ಸರ್ ಇಡುವ ಬದಲು ಜಾಗಕ್ಕೆ ಒಂದು ಇಡಿ, ಕ್ಯಾಮೆರಾ ಬೇಡ. ಆ ಲೆಕ್ಕ ಎಚ್‌ಆರ್ ಕೈಗೆ ಹೋಗುವುದಿಲ್ಲ ಅಂತ ಬರೆದು ಕೊಡಿ.

ಸೆನ್ಸರ್ ಹಾಕಿದ ಮೊದಲ ವಾರ, ಲೈಟು ಫ್ಯಾನು ಆನ್ ಆಫ್ ಮಾಡುವ ರಿಲೇಗೆ ವೈರ್ ಕೊಡಬೇಡಿ, ಸುಮ್ನೆ ದಾಖಲಾಗಲಿ. ಯಾವ ಹೊತ್ತಿಗೆ ಎಲ್ಲಿ ಜನ ಇದ್ದರು ಅಂತ ಸೆನ್ಸರ್ ಹೇಳಿದ್ದನ್ನು ಪ್ರಿಂಟ್ ತೆಗೆದು ಹೌಸ್‌ಕೀಪಿಂಗ್‌ನವರಿಗೂ ಸೆಕ್ಯುರಿಟಿಯವರಿಗೂ ತೋರಿಸಿ. ಯಾವ ಕೋಣೆ ಯಾವಾಗ ಖಾಲಿ ಇರುತ್ತದೆ ಅನ್ನುವುದು ಅವರಿಗೆ ಬಾಯಿಪಾಠ. ಅವರು ಹೇಳಿದ್ದಕ್ಕೂ ಸೆನ್ಸರ್ ಹೇಳಿದ್ದಕ್ಕೂ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ಏಣಿ ಹಾಕಿ ಸೆನ್ಸರಿನ ಜಾಗ ಬದಲಿಸಿ, ಆಮೇಲೆ ವೈರ್ ಕೊಡಿ.