ನಮ್ಮದೇ ಬಾಗಿಲು, ನಮಗೇ ಬೀಗ

ಬೆಳಿಗ್ಗೆ ಶಂಕರಪುರದಿಂದ ಚಿಕ್ಕಮ್ಮನ ಫೋನ್. "ಮಾರಾಯ, ನಮ್ಮ ಮಲ್ಲಿಗೆ ವೆಬ್‌ಸೈಟ್ ನನ್ನನ್ನು ಒಳಗೇ ಬಿಡುವುದಿಲ್ಲ. ಇವತ್ತಿನ ಹೂವಿನ ಅಟ್ಟೆ ರೇಟ್ ಹಾಕುವುದು ಹೇಗೆ?"

ಪಾಸ್‌ವರ್ಡ್ ತಪ್ಪಾಗಿ ಐದಾರು ಸಲ ಒತ್ತಿದ್ದರು. ನಮ್ಮ ವರ್ಡ್‌ಪ್ರೆಸ್ ಸೈಟ್‌ಗೆ ಕಾವಲಿಗೆ ಸೇರಿಸಿದ ಚಿಕ್ಕ ಪ್ರೋಗ್ರಾಂ, ಅಂದರೆ ಸೆಕ್ಯುರಿಟಿ ಪ್ಲಗಿನ್, ಅವರ ವೈಫೈಯ ಐಪಿ ವಿಳಾಸದ ಜೊತೆ ಅಡ್ಮಿನ್ ಹೆಸರನ್ನೂ ಬ್ಲಾಕ್ ಮಾಡಿತ್ತು. ನಾನು ಉಡುಪಿಯಲ್ಲಿ ಮೊಬೈಲ್ ನೆಟ್‌ನಿಂದ ನೋಡಿದೆ. ಇಬ್ಬರದ್ದೂ ಒಂದೇ ಲಾಗಿನ್ ಹೆಸರು, ನನಗೂ ಬಾಗಿಲು ಬಂದ್.

ಪ್ಲಗಿನ್ ಮೇಲೆ ಸಿಟ್ಟಿಲ್ಲ. ಕಳ್ಳರು ಪಾಸ್‌ವರ್ಡ್ ಊಹಿಸುವುದೂ ಹೀಗೇ ಅಲ್ವಾ? ಇದು ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ ದಣಿದ ಬೆರಳು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಸೈಟ್‌ನ ಫೈಲ್‌ಗಳಿರುವ ಹೋಸ್ಟಿಂಗ್ ಖಾತೆಗೆ ಹೋಗಿ ಫೈಲ್ ಮ್ಯಾನೇಜರ್ ತೆರೆದೆ. ಡಬ್ಲ್ಯೂಪಿ-ಕಂಟೆಂಟ್, ಅದರೊಳಗೆ ಪ್ಲಗಿನ್ಸ್, ಅದರೊಳಗೆ ಈ ಪ್ಲಗಿನ್‌ನ ಫೋಲ್ಡರ್. ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿದೆ, ಅಷ್ಟೆ. ಫೋಲ್ಡರ್ ಸಿಗದಿದ್ದರೆ ವರ್ಡ್‌ಪ್ರೆಸ್‌ಗೆ ಆ ಪ್ಲಗಿನ್ ನಡೆಸಲು ಆಗುವುದಿಲ್ಲ. ಲಾಗಿನ್ ಆಯಿತು. ಗಾಬರಿಯಲ್ಲಿ ಯಾರೂ ಡಿಲೀಟ್ ಮಾಡಬೇಡಿ, ಹೆಸರು ಬದಲಿಸಿದರೆ ಸಾಕು.

ಆಮೇಲೆ ಹಳೆ ಹೆಸರು ಕೊಟ್ಟು ಮತ್ತೆ ಆನ್ ಮಾಡಿದೆ. ಬ್ಲಾಕ್ ಪಟ್ಟಿ ಡೇಟಾಬೇಸ್‌ನಲ್ಲಿ ಹಾಗೇ ಇತ್ತು, ಅದರಿಂದ ನಮ್ಮನ್ನು ತೆಗೆದೆ. ಚಿಕ್ಕಮ್ಮನಿಗೆ ಬೇರೆಯೇ ಯೂಸರ್ ಮಾಡಿಕೊಟ್ಟೆ. ಮೊದಲೇ ಮಾಡಬೇಕಿತ್ತು.

ಸ್ವಲ್ಪ ಹೊತ್ತಿಗೆ ರೇಟ್ ಹಾಕಿ ಫೋಟೊ ಕಳಿಸಿದರು. ಬಾಳೆಲೆಯ ಮೇಲೆ 4 ಚೆಂಡು, ಅಂದರೆ ಒಂದು ಅಟ್ಟೆ. ಚೆಂಡಿಗೆ 800 ಹೂವು, ಒಂದೊಂದೂ ಕೈಯಲ್ಲೇ ಕಟ್ಟಿದ್ದು.