ಯಾವ ವಾಚ್ ತಗೊಳ್ಳಲಿ ಅಂತ ಕೇಳುವವರಿಗೆ

ನನಗೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ, ಸ್ಲೀಪ್ ಆಪ್ನಿಯಾ, ಇದೆ ಅಂತ ಗೊತ್ತಾದವರೆಲ್ಲ ಕೇಳುವುದು ಒಂದೇ. "ಅದನ್ನು ಈಗ ವಾಚೇ ಹಿಡಿಯುತ್ತಂತಲ್ಲ, ಯಾವುದು ತಗೊಳ್ಳಲಿ?"

ನನ್ನದನ್ನು ಹಿಡಿದದ್ದು ವಾಚಲ್ಲ, ಹೆಂಡತಿ. "ನೀವು ಗೊರಕೆ ಹೊಡೆದರೆ ಭಯ ಇಲ್ಲ, ಗೊರಕೆ ನಿಂತರೆ ಭಯ" ಎಂದು ಎರಡು ವರ್ಷ ಹೇಳಿದಳು, ನಾನು ನಕ್ಕು ಸುಮ್ಮನಾದೆ. ಕೊನೆಗೊಂದು ರಾತ್ರಿ ಫೋನಲ್ಲಿ ರೆಕಾರ್ಡ್ ಮಾಡಿ ಬೆಳಿಗ್ಗೆ ಕಾಫಿ ಜೊತೆ ಕೇಳಿಸಿದಳು. ಗರಗಸ ಎಳೆದ ಹಾಗೆ ಗೊರಕೆ, ಆಮೇಲೆ ಏನೂ ಇಲ್ಲ, ಬರೀ ಫ್ಯಾನಿನ ಸದ್ದು, ಎಣಿಸುತ್ತಾ ಹೋದೆ, 22ಕ್ಕೆ ಬಾವಿಯಲ್ಲಿ ಮುಳುಗಿದವನು ಮೇಲೆ ಬಂದ ಹಾಗೆ ಒಂದು ಉಸಿರು.

ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲವಾಗಿ ದಾರಿ ಮುಚ್ಚುತ್ತದೆ. ಆಕ್ಸಿಜನ್ ಇಳಿಯುತ್ತದೆ, ಮಿದುಳು ಗಾಬರಿಯಾಗಿ ಎಬ್ಬಿಸುತ್ತದೆ. ನಮಗೆ ಅದು ನೆನಪೇ ಇರುವುದಿಲ್ಲ. ಪರೀಕ್ಷೆಯಲ್ಲಿ ನನಗೆ ಗಂಟೆಗೆ 38 ಸಲ ಹೀಗಾಗುತ್ತಿತ್ತು, ಅರೆಬರೆ ಉಸಿರೂ ಸೇರಿ. 30 ಮುಟ್ಟಿದರೆ ತೀವ್ರ ಅಂತ ಲೆಕ್ಕ.

ಈಗ ಸೀಪ್ಯಾಪ್ ಅನ್ನೋ ಗಾಳಿ ಊದುವ ಯಂತ್ರ ಹಾಕಿಕೊಂಡು ಮಲಗುತ್ತೇನೆ. ಮೂಗಿನ ಮಾಸ್ಕ್‌ನಿಂದ ಒತ್ತಡದ ಗಾಳಿ ಬಂದು ಗಂಟಲು ತೆರೆದೇ ಇರುತ್ತದೆ. ಮೊದಲ ತಿಂಗಳು ನಿದ್ದೆಗಣ್ಣಲ್ಲಿ ಎಷ್ಟು ಸಲ ಕಿತ್ತೆಸೆದೆನೋ! ಊರ ಜಾತ್ರೆಗೆ ಹೋದರೂ ಅದು ಜೊತೆಗೆ, ಕರೆಂಟ್ ಹೋದರೆ ಇನ್ವರ್ಟರ್ ಚಿಂತೆ. ಅಕ್ಕನ ಮೊಮ್ಮಗ ಸೊಂಡಿಲು ನೋಡಿ ನನಗೆ ಆನೆ ತಾತ ಅಂತಲೇ ಹೆಸರಿಟ್ಟಿದ್ದಾನೆ.

ಸರಿ, ವಾಚ್. ಸ್ಯಾಮ್ಸಂಗ್, ಆಪಲ್ ಎರಡಕ್ಕೂ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2024ರಲ್ಲಿ. ಸ್ಯಾಮ್ಸಂಗ್ ವಾಚ್ ರಕ್ತದ ಆಕ್ಸಿಜನ್ ನೋಡುತ್ತದೆ, ಹತ್ತು ದಿನದೊಳಗೆ ಎರಡು ರಾತ್ರಿ ಕಟ್ಟಿಕೊಂಡು ಮಲಗಬೇಕು. ಆಪಲ್ ನೋಡುವುದು ಮಣಿಕಟ್ಟಿನ ಸಣ್ಣ ಅಲುಗಾಟ, 30 ದಿನಗಳ ಲೆಕ್ಕ ಹಿಡಿದು. ಆಪಲ್‌ನವರದೇ ಪರೀಕ್ಷೆಯಲ್ಲಿ, ತೊಂದರೆ ಮಧ್ಯಮ ಅಥವಾ ತೀವ್ರವಾಗಿದ್ದ 100 ಜನರಲ್ಲಿ ಅದು ಹಿಡಿದದ್ದು ಸುಮಾರು 66 ಮಂದಿಯನ್ನು. ಸುಳ್ಳು ಎಚ್ಚರಿಕೆ ಮಾತ್ರ ತೀರಾ ಕಡಿಮೆ. ಅಂದರೆ ವಾಚ್ ಕೂಗಿದರೆ ಡಾಕ್ಟರ ಹತ್ತಿರ ಓಡಿ, ಕೂಗದಿದ್ದರೆ ಅದನ್ನು ನಂಬಿ ಕೂರಬೇಡಿ.

ನನ್ನ ಭಾಮೈದ ಕೂತಿದ್ದಾನೆ ನೋಡಿ! "ಭಾವ, ವಾಚ್ ಏನೂ ಹೇಳಿಲ್ಲ, ನಾನು ಸರಿ ಇದ್ದೀನಿ" ಅನ್ನುತ್ತಾನೆ, ಊಟ ಮುಗಿಸಿ ಕೈ ತೊಳೆಯುವಷ್ಟರಲ್ಲಿ ತೂಕಡಿಸುತ್ತಾನೆ. ಅವನ ಹೆಂಡತಿಗೆ ರೆಕಾರ್ಡ್ ಮಾಡಿ ಕಳಿಸಮ್ಮ ಅಂದಿದ್ದೆ. ನಿನ್ನೆ ಕಳಿಸಿದಳು. 18ರವರೆಗೆ ಎಣಿಸಿದೆ.